ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಟ್‌ಕಾನ್ ಕಿತ್ತು ನೇರ ಪೈಪು ಹಾಕಿಸಬಹುದೇ?

ಪ್ರಶ್ನೆ: ನನ್ನದು 2014ರ 1.2 ಲೀಟರ್ ಪೆಟ್ರೋಲ್ ಕಾರು. 92,000 ಕಿ.ಮೀ. ಓಡಿದೆ. ಒಂದು ತಿಂಗಳಿನಿಂದ ಚೆಕ್ ಇಂಜಿನ್ ಲೈಟು ಉರಿಯುತ್ತಿದೆ. ಸ್ಕ್ಯಾನರ್ ಹಾಕಿದಾಗ ಪಿ0420 ಎಂದು ಬಂತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್‌ಕಾನ್) ಹೋಗಿದೆ, ಹೊಸದಕ್ಕೆ 55,000 ರೂಪಾಯಿ ಎಂದು ಒಂದು ಕಡೆ ಹೇಳಿದರು. ಇನ್ನೊಂದು ಗ್ಯಾರೇಜಿನವರು ‘ಅದನ್ನು ಕತ್ತರಿಸಿ ನೇರ ಪೈಪು ವೆಲ್ಡ್ ಮಾಡಿಕೊಡ್ತೀನಿ, ಮೂರೂವರೆ ಸಾವಿರ ಆಗುತ್ತೆ, ಪಿಕಪ್ಪೂ ಜಾಸ್ತಿಯಾಗುತ್ತೆ’ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬನಶಂಕರಿ

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಿಸಬೇಡಿ. ಪಿ0420 ಬಂತೆಂದರೆ ಕ್ಯಾಟ್‌ಕಾನ್ ಸತ್ತೇಹೋಯಿತು ಎಂದಲ್ಲ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇವೆ. ಎರಡರ ಓದನ್ನೂ ಹೋಲಿಸಿ ನೋಡಿದ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ‘ಹೊಗೆ ಶುದ್ಧವಾಗುತ್ತಿರುವಂತೆ ಕಾಣುತ್ತಿಲ್ಲ’ ಎಂದು ಹೇಳುತ್ತಿದೆ, ಅಷ್ಟೆ. ಸೆನ್ಸರೇ ಕೆಟ್ಟಿದ್ದರೂ, ಪೈಪಿನಲ್ಲಿ ಸಣ್ಣ ಲೀಕ್ ಇದ್ದರೂ ಇದೇ ಕೋಡ್ ಬರಬಹುದು.

ಮೊದಲು ಲೀಕ್ ನೋಡಿಸಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಕೊಳವೆ) ಗ್ಯಾಸ್ಕೆಟ್, ಪೈಪುಗಳು ಕೂಡುವ ಫ್ಲೇಂಜ್, ಸೆನ್ಸರ್ ಬುಡ ಇವುಗಳ ಹತ್ತಿರ ‘ಟಿಕ್ ಟಿಕ್’ ಸದ್ದು ಅಥವಾ ಕಪ್ಪು ಮಸಿಯ ಗುರುತು ಇದೆಯೇ ಗಮನಿಸಿ. ಆಮೇಲೆ ಕಾರನ್ನು 20 ನಿಮಿಷ ಓಡಿಸಿ, 2,500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರಿನ ಲೈವ್ ಡೇಟಾ ನೋಡಬೇಕು. ಈ ಕಾಲದ ಹೆಚ್ಚಿನ ಕಾರುಗಳಲ್ಲಿ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಲೇ ಇರುತ್ತದೆ. ಕ್ಯಾಟ್‌ಕಾನ್ ಚೆನ್ನಾಗಿದ್ದರೆ ಹಿಂದಿನದು 0.6–0.7ರ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಒಳಗಿನ ಲೇಪಕ್ಕೆ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ ಎಂದು ತಿಳಿಯಬಹುದು. ಹಿಂದಿನದು ಯಾವ ಸ್ಥಿತಿಯಲ್ಲೂ ಕದಲದಿದ್ದರೆ ಸೆನ್ಸರಿನ ಮೇಲೇ ಅನುಮಾನ ಪಡಿ.

ಪಿಕಪ್ ನಿಜವಾಗಿಯೂ ಬಿದ್ದಿದ್ದರೆ ಕ್ಯಾಟ್‌ಕಾನ್ ಕಟ್ಟಿಕೊಂಡಿದೆಯೇ ಎಂಬ ಪರೀಕ್ಷೆ ಬೇರೆ. ಮುಂದಿನ ಸೆನ್ಸರ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕಬೇಕು. ಐಡ್ಲಿಂಗ್‌ನಲ್ಲಿ ಒಂದೂವರೆ ಪಿಎಸ್‌ಐ ದಾಟಬಾರದು, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು. ಇಂಜಿನ್ ಗಾಳಿ ಎಳೆಯುವ ಬಲವನ್ನು ವ್ಯಾಕ್ಯೂಮ್ ಗೇಜಿನಿಂದ ನೋಡುವವರು ಒಂದು ವಿಷಯ ನೆನಪಿಡಬೇಕು: ಪುಸ್ತಕದಲ್ಲಿರುವ 18–21 ಇಂಚು (ಪಾದರಸ) ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒಳ್ಳೆಯ ಇಂಜಿನ್ನೇ 15–18 ಇಂಚು ತೋರಿಸುತ್ತದೆ. ಅಂಕಿಗಿಂತ ಮುಖ್ಯ ಮುಳ್ಳಿನ ನಡೆ. ಇಂಜಿನ್ನನ್ನು 2,500ರಲ್ಲಿ ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಹೊಗೆಗೆ ಹೊರದಾರಿ ಸಾಲುತ್ತಿಲ್ಲ.

ಈಗ ನೇರ ಪೈಪಿನ ವಿಷಯ. ನಿಮ್ಮ ಕಾರಿನ ಕ್ಯಾಟ್‌ಕಾನ್ ಕಟ್ಟಿಕೊಂಡಿದ್ದರೆ ಅದನ್ನು ತೆಗೆದ ಕೂಡಲೇ ಪಿಕಪ್ ಮರಳುತ್ತದೆ, ನಿಜ. ಹೊಸ ಕ್ಯಾಟ್‌ಕಾನ್ ಹಾಕಿದರೂ ಅಷ್ಟೇ ಮರಳುತ್ತದೆ. ಅದು ಪೈಪಿನ ಮಹಿಮೆಯಲ್ಲ. ಕಟ್ಟಿಕೊಳ್ಳದ ಕ್ಯಾಟ್‌ಕಾನ್ ತೆಗೆದರೆ 1.2 ಲೀಟರಿನ ಇಂಜಿನ್ನಿನಲ್ಲಿ ಸಿಗುವ ಲಾಭ ಅತ್ಯಲ್ಪ, ಅದೂ ಆರ್‌ಪಿಎಂ ಮೇಲ್ತುದಿಯಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದು ನಿಮ್ಮ ಕಾಲಿಗೆ ತಿಳಿಯುವುದೂ ಇಲ್ಲ.

ಕಳೆದುಕೊಳ್ಳುವುದು ಮಾತ್ರ ಬಹಳ. ಕ್ಯಾಟ್‌ಕಾನ್ ಒಳಗಿರುವುದು ಜೇನುಗೂಡಿನಂಥ ಸೆರಾಮಿಕ್. ಅದರ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಸುಮಾರು 250–300 ಡಿಗ್ರಿಗೆ ಬಿಸಿಯಾದ ಮೇಲೆ ಅದು ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲನ್ನೂ ಸುಟ್ಟುಹಾಕುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ಬರೀ ನೈಟ್ರೋಜನ್ ಮಾಡುತ್ತದೆ. ಇದಿಲ್ಲದಿದ್ದರೆ ಮೂರೂ ವಿಷಗಳು ಹಸಿಹಸಿಯಾಗಿ ಹಿಂದಿನ ಬೈಕ್ ಸವಾರರ ಮುಖಕ್ಕೆ ಹೋಗುತ್ತವೆ.

ಕಾರಿಗೂ ಇದು ಒಳ್ಳೆಯದಲ್ಲ. ಈಚಿನ ಹಲವು ಕಾರುಗಳಲ್ಲಿ ಕ್ಯಾಟ್‌ಕಾನ್ ಮ್ಯಾನಿಫೋಲ್ಡಿಗೆ ಅಂಟಿಕೊಂಡೇ ಇರುತ್ತದೆ. ಅಷ್ಟು ಬಿಸಿಯ ಜಾಗದಲ್ಲಿ ಸಾಧಾರಣ ಪೈಪಿನ ವೆಲ್ಡಿಂಗ್ ಬಿರುಕು ಬಿಡುತ್ತದೆ. ಬಿರುಕು ಮುಂದಿನ ಸೆನ್ಸರಿನ ಹತ್ತಿರವಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಸೆನ್ಸರ್ ‘ಪೆಟ್ರೋಲ್ ಸಾಲದು’ ಎಂದು ತಪ್ಪು ವರದಿ ಕೊಡುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಆಮೇಲೆ ಇಂಜೆಕ್ಟರ್ ತೊಳೆಸುತ್ತಾ ಕೂರಬೇಕಾಗುತ್ತದೆ. ಪಿ0420 ಹೇಗೂ ಹೋಗುವುದಿಲ್ಲ. ಲೈಟು ಸದಾ ಉರಿಯುತ್ತಿದ್ದರೆ ನಾಳೆ ಕಾಯಿಲ್ ಕೆಟ್ಟಾಗಲೋ ಬೇರೆ ಸೆನ್ಸರ್ ಹೋದಾಗಲೋ ನಿಮಗೆ ಸೂಚನೆಯೇ ಸಿಗುವುದಿಲ್ಲ. ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿ ಲೈಟು ಆರಿಸುತ್ತೇವೆ ಎನ್ನುವವರಿದ್ದಾರೆ. ಅದು ಸೆನ್ಸರಿನ ಮೂಗನ್ನು ಹೊಗೆಯಿಂದ ದೂರ ಸರಿಸುತ್ತದೆಯೇ ಹೊರತು ಹೊಗೆಯನ್ನು ಶುದ್ಧ ಮಾಡುವುದಿಲ್ಲ.

ಎಮಿಷನ್ ಟೆಸ್ಟಿನಲ್ಲಿ ಬಿಎಸ್4 ಮತ್ತು ಬಿಎಸ್6 ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2,500 ಆರ್‌ಪಿಎಂ ಆಸುಪಾಸಿನಲ್ಲಿ ಮಾನಾಕ್ಸೈಡ್ ಶೇ 0.2 ದಾಟಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) 0.97–1.03ರೊಳಗಿರಬೇಕು. ಕ್ಯಾಟ್‌ಕಾನ್ ಇಲ್ಲದ ಕಾರು ಪ್ರಾಮಾಣಿಕವಾಗಿ ನಡೆದ ಪರೀಕ್ಷೆಯಲ್ಲಿ ಇದನ್ನು ದಾಟುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮಾಲಿನ್ಯಕ್ಕೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ(4)ರಲ್ಲಿ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇವೆ.

ಪರೀಕ್ಷೆಗಳೆಲ್ಲ ಮುಗಿದು ಕ್ಯಾಟ್‌ಕಾನ್ ಹೋಗಿರುವುದೇ ಖಚಿತವಾದರೆ, ಹೊಸದು ಹಾಕುವ ಮುನ್ನ ಅದು ಏಕೆ ಹೋಯಿತು ಎಂದು ಕೇಳಿ. ಇದನ್ನು ಬಿಟ್ಟರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಉರಿಯದ ಪೆಟ್ರೋಲ್ ಕ್ಯಾಟ್‌ಕಾನ್ ಒಳಗೆ ಹೊತ್ತಿಕೊಂಡು ಸೆರಾಮಿಕ್ ಕರಗುತ್ತದೆ. ಹಾಗಾಗಿ ಚೆಕ್ ಇಂಜಿನ್ ಲೈಟು ಮಿನುಗುತ್ತಿದ್ದರೆ ಗಾಡಿ ಓಡಿಸಲೇಬೇಡಿ. 1,000 ಕಿ.ಮೀ.ಗೆ ಅರ್ಧ ಲೀಟರಿನಷ್ಟು ಆಯಿಲ್ ಸುರಿಯಬೇಕಾಗುತ್ತಿದ್ದರೆ ಆಯಿಲಿನ ರಂಜಕ, ಸತು ಲೇಪದ ಮೇಲೆ ಪದರ ಕಟ್ಟಿರುತ್ತವೆ. ಕೂಲಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ನಮ್ಮ ಬಡಾವಣೆಗಳ ಅಳತೆಯಿಲ್ಲದ ಹಂಪುಗಳಿಗೆ ತಳ ಬಡಿದು, ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಕಾದ ಕ್ಯಾಟ್‌ಕಾನ್ ಮುಳುಗಿ ಸೆರಾಮಿಕ್ ಒಡೆದ ಪ್ರಸಂಗಗಳೂ ಇವೆ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಒಳಗೆ ಚೂರು ಗಲಗಲ ಎನ್ನುವುದು ಕೇಳಿಸುತ್ತದೆ.

ಕಂಪನಿಯದು ದುಬಾರಿಯಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೇರೆ ತಯಾರಕರದನ್ನು ವಿಚಾರಿಸಿ. ಆದರೆ ಪೈಪಿನ ಅಳತೆ ಒಂದನ್ನೇ ನೋಡಿ ಕೊಳ್ಳಬೇಡಿ. ಇಂಜಿನ್ ಸಿಸಿ ಮತ್ತು ನಿಮ್ಮ ಆರ್‌ಸಿಯಲ್ಲಿರುವ ಬಿಎಸ್ ಹಂತಕ್ಕೆ ಅದು ಹೊಂದಬೇಕು. ಅಮೂಲ್ಯ ಲೋಹ ಕಡಿಮೆ ಇರುವ ಅಗ್ಗದ ಕ್ಯಾಟ್‌ಕಾನ್ ಹಾಕಿದರೆ ಸ್ವಲ್ಪ ದಿನಕ್ಕೇ ಪಿ0420 ವಾಪಸ್ ಬರುತ್ತದೆ. ಹಾಕುವಾಗ ಗ್ಯಾಸ್ಕೆಟ್, ನಟ್ಟುಗಳೆಲ್ಲ ಹೊಸದಿರಲಿ. ಸೆನ್ಸರಿನ ತಿರುಪಿನ ಎಳೆಗಳಿಗೆ ಮಾತ್ರ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಬೇಕು, ತುದಿಗೆ ತಾಗಬಾರದು. ಫ್ಲೇಂಜಿಗೆ ಸಾದಾ ಸಿಲಿಕೋನ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರನ್ನು ಹಾಳು ಮಾಡುತ್ತದೆ. ಹಳೆಯದನ್ನು ಕೇಳಿ ಪಡೆಯಿರಿ. ಅದರಲ್ಲಿರುವ ಲೋಹಕ್ಕೆ ಗುಜರಿಯಲ್ಲಿ ಬೆಲೆಯಿದೆ, ‘ಬಿಚ್ಚಿ ಬಿಸಾಕ್ತೀವಿ’ ಎನ್ನುವ ಉತ್ಸಾಹಕ್ಕೆ ಅದೂ ಒಂದು ಕಾರಣ ಇರಬಹುದು.

ಪ್ರಶ್ನೆ: ನನ್ನ 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಎರಡು ಕ್ಯಾಟ್‌ಕಾನ್ ಇವೆ. ಎರಡನ್ನೂ ತೆಗೆಸಿ ಸ್ಟ್ರೈಟ್ ಪೈಪ್ ಹಾಕಿಸಿದರೆ ಟರ್ಬೊ ಬೇಗ ತಿರುಗುತ್ತದಂತೆ, ಸದ್ದೂ ಚೆನ್ನಾಗಿರುತ್ತದಂತೆ. ಹೌದೇ?
– ಓದುಗರು, ಎಚ್.ಎಸ್.ಆರ್. ಬಡಾವಣೆ

ಉತ್ತರ: ಟರ್ಬೊ ಹಿಂದಿನ ಒತ್ತಡ ಇಳಿದರೆ ಟರ್ಬೈನ್ ಬೇಗ ವೇಗ ಹಿಡಿಯುತ್ತದೆ ಎಂಬುದು ಸರಿ. ಆದರೆ ಬೂಸ್ಟ್ (ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಎಷ್ಟಿರಬೇಕು ಎಂದು ತೀರ್ಮಾನಿಸುವುದು ಇಸಿಯು. ಮೂಲ ಸಾಫ್ಟ್‌ವೇರ್ ಇರುವವರೆಗೆ ಅದು ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೈನಿಗೆ ಹೋಗದಂತೆ ಬದಿಗೆ ಬಿಡುವ ಬಾಗಿಲು) ತೆರೆದು ಬೂಸ್ಟನ್ನು ಮೊದಲಿನ ಮಟ್ಟಕ್ಕೇ ಇಳಿಸುತ್ತದೆ. ಸಣ್ಣ ವೇಸ್ಟ್‌ಗೇಟ್ ಅಷ್ಟು ಹೊಗೆಯನ್ನು ಬದಿಗೆ ಬಿಡಲಾರದೆ ಹೋದರೆ ಬೂಸ್ಟ್ ಮಿತಿ ಮೀರಿ ಪಿ0234 ಕೋಡ್ ಬರುತ್ತದೆ, ಇಂಜಿನ್ ಲಿಂಪ್ ಮೋಡಿಗೆ ಹೋಗಿ ಶಕ್ತಿಯೇ ಇರುವುದಿಲ್ಲ. ಇಸಿಯು ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸಿದರೆ ವಾರಂಟಿಗೆ ಕುತ್ತು.

ಸದ್ದಿನ ಬಗ್ಗೆ: ಕ್ಯಾಟ್‌ಕಾನ್ ಜೇನುಗೂಡು ಹೊಗೆಯ ಬಡಿತವನ್ನೂ ಸ್ವಲ್ಪ ತಗ್ಗಿಸುತ್ತದೆ. ತೆಗೆದರೆ ಮೂರು ಸಿಲಿಂಡರಿನ ಇಂಜಿನ್ ಗಂಭೀರವಾಗಿ ಗುಡುಗುವುದಿಲ್ಲ, ತಗಡು ಬಡಿದಂತೆ ಕರ್ಕಶವಾಗುತ್ತದೆ. ಸೈಲೆನ್ಸರ್ ಪೆಟ್ಟಿಗೆಗಳನ್ನೂ ತೆಗೆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರಿನೊಳಗೆ ಹುಟ್ಟುವ ಗುಂಯ್‌ಗುಡುವಿಕೆ ಮೈಸೂರು ತಲುಪುವಷ್ಟರಲ್ಲಿ ತಲೆನೋವು ತರುತ್ತದೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ಟೈರು, ಬ್ರೇಕ್ ಪ್ಯಾಡಿಗೆ ಮಾಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೆರೆಯವರೊಬ್ಬರು ಕ್ಯಾಟ್‌ಕಾನ್ ತೆಗೆಸಿದ ಕಾರನ್ನು ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟಿರುತ್ತಾರೆ. ಕಣ್ಣು ಉರಿಯುತ್ತದೆ. ಅಪಾಯವೇ?
– ಓದುಗರು, ಯಲಹಂಕ

ಉತ್ತರ: ಅಪಾಯವೇ. ಹೊಗೆಯಲ್ಲಿ ಶೇ 1ರಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೆ ಅದು 10,000 ಪಿಪಿಎಂ. ಗಾಳಿಯಲ್ಲಿ ಬೆರೆತು 400 ಪಿಪಿಎಂಗೆ ಇಳಿದರೂ ಒಂದೆರಡು ಗಂಟೆಯಲ್ಲಿ ತಲೆನೋವು ಬರುತ್ತದೆ, 1,600 ಆದರೆ 20 ನಿಮಿಷದಲ್ಲಿ ತಲೆಸುತ್ತು, ವಾಕರಿಕೆ. ಕಣ್ಣುರಿ ತರುವುದು ಬೇರೆ ಅನಿಲಗಳು. ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಉರಿಯೂ ಇಲ್ಲ, ಹಾಗಾಗಿ ಉರಿ ಕಡಿಮೆಯಾಯಿತೆಂದು ನಿರಾಳವಾಗುವಂತಿಲ್ಲ. ಬೇಸ್‌ಮೆಂಟಿನಲ್ಲೇ ಕೂರುವ ಸೆಕ್ಯೂರಿಟಿಯವರು, ಕಾರು ತೊಳೆಯುವವರಿಗೆ ಇದರ ಪೆಟ್ಟು ಎಲ್ಲರಿಗಿಂತ ಹೆಚ್ಚು. ಎಕ್ಸಾಸ್ಟ್ ಫ್ಯಾನುಗಳನ್ನು ಬೆಳಗ್ಗೆ ಓಡಿಸುವಂತೆ, ಮಾನಾಕ್ಸೈಡ್ ಅಲಾರಂ ಹಾಕಿಸುವಂತೆ ಸಂಘಕ್ಕೆ ಬರೆದುಕೊಡಿ. ಕ್ಯಾಟ್‌ಕಾನ್ ಇರುವ ಕಾರಿನವರೂ ಗಮನಿಸಬೇಕು: ತಣ್ಣಗಿರುವ ಕ್ಯಾಟ್‌ಕಾನ್ ಕೆಲಸ ಮಾಡುವುದಿಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದೊಳಗೆ ನಿಧಾನವಾಗಿ ಹೊರಟುಬಿಡಿ.

ಪ್ರಶ್ನೆ: ಹಳೆಯ ಕಾರು ಕೊಳ್ಳುವವನಿದ್ದೇನೆ. ಕ್ಯಾಟ್‌ಕಾನ್ ಕಿತ್ತಿದ್ದಾರೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಕೆಂಗೇರಿ

ಉತ್ತರ: ಕಾರನ್ನು ರ‍್ಯಾಂಪ್ ಮೇಲೆ ಏರಿಸಿ ನೋಡಿ. ಮ್ಯಾನಿಫೋಲ್ಡಿನಿಂದ ಹಿಂದಕ್ಕೆ ಬರುವ ದಾರಿಯಲ್ಲಿ ಹೀಟ್ ಶೀಲ್ಡ್ ಹೊದ್ದ ಉಬ್ಬಿದ ಡಬ್ಬಿ ಇರಬೇಕು. ಅದರ ಜಾಗದಲ್ಲಿ ಸಣ್ಣ ಪೈಪು, ಹೊಸ ವೆಲ್ಡಿಂಗ್ ಕಂಡರೆ ಸಂಗತಿ ಸ್ಪಷ್ಟ. ಡಬ್ಬಿ ಇದ್ದ ಮಾತ್ರಕ್ಕೆ ನಂಬಬೇಡಿ. ಸೆರಾಮಿಕ್ ಒಡೆದು ಕೆಡವಿ, ಬರೀ ಡಬ್ಬಿಯನ್ನು ಮತ್ತೆ ಬೆಸೆದಿಟ್ಟಿರುತ್ತಾರೆ. ಡಬ್ಬಿಯ ಉದ್ದಕ್ಕೂ ಕೊಯ್ದ ಗುರುತು ಹುಡುಕಿ, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ ನೋಡಿ. ಸೆನ್ಸರ್ ಬಿಚ್ಚಿದ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಜೇನುಗೂಡು ಕಣ್ಣಿಗೇ ಕಾಣುತ್ತದೆ.

ಸ್ಕ್ಯಾನರಿನಲ್ಲಿ ಕೋಡ್ ಇಲ್ಲದಿರುವುದೂ ಸಾಕ್ಷಿಯಲ್ಲ, ಬೆಳಗ್ಗೆಯಷ್ಟೇ ಅಳಿಸಿರಬಹುದು. ಕಾರಿನ ಸ್ವಯಂ ತಪಾಸಣೆ ಮುಗಿದಿದೆಯೇ ಎಂದು ತೋರಿಸುವ ‘ರೆಡಿನೆಸ್’ ಪುಟ ತೆರೆಸಿ. ಕ್ಯಾಟಲಿಸ್ಟ್ ಮಾನಿಟರ್ ‘ಇನ್‌ಕಂಪ್ಲೀಟ್’ ಎಂದಿದ್ದರೆ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಆಗ ನೈಸ್ ರಸ್ತೆಯಲ್ಲಿ 60–80 ಕಿ.ಮೀ. ವೇಗದಲ್ಲಿ 20 ನಿಮಿಷ ಓಡಿಸಿ, ನಡುವೆ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನವಾಗಲು ಬಿಟ್ಟು, ಮತ್ತೆ ಪರೀಕ್ಷಿಸಿ. ಒಂದೇ ಓಟಕ್ಕೆ ಮುಗಿಯದಿದ್ದರೆ ಮಾರುವವರು ಎರಡು ದಿನ ಓಡಿಸಿಕೊಡಲಿ. ಕೊನೆಗೆ ನಿಮ್ಮೆದುರೇ ಎಮಿಷನ್ ಟೆಸ್ಟ್ ಮಾಡಿಸಿ ಅಂಕಿಗಳನ್ನು ನೀವೇ ಓದಿ. ಹಳೆಯ ಸರ್ಟಿಫಿಕೇಟ್ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ನನ್ನದು 2021ರ ಬಿಎಸ್6 ಡೀಸೆಲ್ ಕಾರು. ಪೀಣ್ಯದಿಂದ ಮಲ್ಲೇಶ್ವರಕ್ಕೆ ದಿನವೂ ಓಡಾಟ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟು ಪದೇ ಪದೇ ಬರುತ್ತದೆ. ಅದನ್ನೂ ತೆಗೆಸಿಬಿಡಬಹುದೇ?
– ಓದುಗರು, ಪೀಣ್ಯ

ಉತ್ತರ: ಬೇಡ, ಕಾನೂನಿನ ಮಾತು ಅದಕ್ಕೂ ಅನ್ವಯಿಸುತ್ತದೆ. ನಿಮ್ಮ ತೊಂದರೆ ಫಿಲ್ಟರಿನದಲ್ಲ, ಓಡಾಟದ್ದು. ಹಿಡಿದಿಟ್ಟ ಮಸಿಯನ್ನು ಸುಡಲು ಡಿಪಿಎಫ್‌ಗೆ 550–600 ಡಿಗ್ರಿ ಬಿಸಿ ಬೇಕು. ನಿಂತು ನಿಂತು ಸಾಗುವ ಆರೇಳು ಕಿಲೋಮೀಟರಿನಲ್ಲಿ ಅದು ಆಗುವುದಿಲ್ಲ. ಲೈಟು ಸ್ಥಿರವಾಗಿ ಉರಿಯುತ್ತಿದ್ದರೆ ತುಮಕೂರು ರಸ್ತೆಯಲ್ಲಿ ನೆಲಮಂಗಲದಾಚೆಗೆ ಹೋಗಿ ಒಂದು ಗೇರು ಕಡಿಮೆಯಲ್ಲಿ, 2,000 ಆರ್‌ಪಿಎಂಗಿಂತ ಮೇಲೆ, 60–80 ಕಿ.ಮೀ. ವೇಗದಲ್ಲಿ 20 ನಿಮಿಷ ಓಡಿಸಿ. ಸುಡುವುದು ನಡೆಯುವಾಗ ಐಡ್ಲಿಂಗ್ ಸ್ವಲ್ಪ ಏರಿರುತ್ತದೆ, ಫ್ಯಾನ್ ಓಡುತ್ತಿರುತ್ತದೆ. ಆಗ ಕೀ ತೆಗೆಯಬೇಡಿ. ಲೈಟು ಮಿನುಗಲು ಶುರುವಾಗಿದ್ದರೆ ಅಥವಾ ಜೊತೆಗೆ ಚೆಕ್ ಇಂಜಿನ್ ಲೈಟೂ ಬಂದಿದ್ದರೆ ಸ್ಕ್ಯಾನರಿನಿಂದ ಸುಡಿಸಬೇಕು.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಸುಡುವ ಕೆಲಸ ನಡುವೆಯೇ ನಿಂತುಹೋದಾಗ ಸುಡಲೆಂದು ಸುರಿದ ಹೆಚ್ಚುವರಿ ಡೀಸೆಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಮಟ್ಟ ‘ಮ್ಯಾಕ್ಸ್’ ಗೆರೆ ದಾಟಿ ಮೇಲೇರಿದ್ದರೆ ಅವಧಿಗೆ ಕಾಯದೆ ಆಯಿಲ್ ಬದಲಿಸಿ. ಹೊಸ ಆಯಿಲಿನ ಡಬ್ಬಿಯ ಮೇಲೆ ನಿಮ್ಮ ಮ್ಯಾನುಯಲ್ ಹೇಳಿದ ಸಿ2 ಅಥವಾ ಸಿ3 ದರ್ಜೆ ಇದೆಯೇ ಖಚಿತ ಮಾಡಿಕೊಳ್ಳಿ. ಸಾಮಾನ್ಯ ಡೀಸೆಲ್ ಆಯಿಲಿನ ಬೂದಿ ಡಿಪಿಎಫ್ ಒಳಗೆ ಕೂತರೆ ಎಷ್ಟು ಸುಟ್ಟರೂ ಹೋಗುವುದಿಲ್ಲ.