ಸ್ಮಾರ್ಟ್ ಸಿಟಿ ಮುಗಿಯಿತು, ಇನ್ನು ನಮ್ಮ ಊರುಗಳಿಗೆ ದೆಹಲಿಯಿಂದ ಏನು ಬೇಕು?

"ಕೇಂದ್ರ ಸರ್ಕಾರದ ನೀತಿಯಿಂದ ದಾವಣಗೆರೆಯಂಥ ಊರು ನಿಜಕ್ಕೂ ಬೆಳೆಯುತ್ತಾ?" ಅಂತ ಕೇಳಿದ್ದೀರಿ. ಬೆಳೆಯುತ್ತೆ. ಆದರೆ ದೆಹಲಿಯವರು ತಮ್ಮ ಕೆಲಸ ಬೇಗ ಮುಗಿಸಬೇಕು, ಊರಿನ ಕೆಲಸವನ್ನು ಊರಿಗೆ ಬಿಡಬೇಕು. ನಾನು ಇಲ್ಲಿಯವನೇ, ಕಂಡಿದ್ದನ್ನು ಹೇಳುತ್ತೇನೆ.

ಅವರದೇ ಕೆಲಸ ಅಂದರೆ ರೈಲು. ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಚಿತ್ರದುರ್ಗ, ಹಿರಿಯೂರು, ಶಿರಾ ಅಂತ ನೇರ ದಾರಿ. ರೈಲು ಹತ್ತಿದರೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಬೇಕು. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗಕ್ಕೆ 2011-12ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅರ್ಧ ಖರ್ಚು ರಾಜ್ಯದ್ದು. ಜಮೀನು ಕೈಗೆ ಬರುವಷ್ಟರಲ್ಲೇ ವರ್ಷಗಳು ಉರುಳಿದವು. ಹತ್ತಿ ಗಿರಣಿಗಳು ಮುಚ್ಚಿದ ಊರಿಗೆ ಹೊಸ ಕಾರ್ಖಾನೆ ಬರಬೇಕಾದರೆ ಇಂಥ ದಾರಿ ಬೇಕಲ್ವಾ?

ಇನ್ನು ಸ್ಮಾರ್ಟ್ ಸಿಟಿ, ಅಂದರೆ ಆರಿಸಿದ ನಗರಗಳನ್ನು ಸುಧಾರಿಸೋ ಕೇಂದ್ರದ ಯೋಜನೆ. 2016ರ ಜನವರಿಯಲ್ಲಿ ಆರಿಸಿದ ಮೊದಲ 20 ನಗರಗಳಲ್ಲಿ ಬೆಳಗಾವಿಯ ಜೊತೆ ನಮ್ಮದೂ ಇತ್ತು. ಊರಿಗೆ 500 ಕೋಟಿ ಕೇಂದ್ರದ್ದು, ಅಷ್ಟೇ ರಾಜ್ಯದ್ದು ಅನ್ನೋದು ಲೆಕ್ಕ. ದುಡ್ಡು ಮಾತ್ರ ಪಾಲಿಕೆಗೆ ಬರಲಿಲ್ಲ, ಅದಕ್ಕೇ ಅಂತ ಮಾಡಿದ ಕಂಪನಿಗೆ ಬಂತು. ಅದರಲ್ಲಿ ಪಾಲಿಕೆಗೆ ಅರ್ಧ ಪಾಲು ಇದೆ ಅನ್ನೋದು ನಿಜ. ಆದರೆ ವಾರ್ಡಿನ ಜನ ಹಿಡಿದು ಕೇಳೋದು ಕಾರ್ಪೊರೇಟರನ್ನು, ಕಂಪನಿಯ ಬೋರ್ಡನ್ನಲ್ಲ. ಕೆಲವು ರಸ್ತೆ ಚೆನ್ನಾಗಿ ಆದವು, ಇಲ್ಲ ಅನ್ನಲ್ಲ. ಮಂಡಕ್ಕಿ ಭಟ್ಟಿ ಪ್ರದೇಶವನ್ನು ಸುಧಾರಿಸುವ ಮಾತೂ ಯೋಜನೆಯಲ್ಲಿತ್ತು. ಊರಿನ ಕಸುಬನ್ನೇ ಹಿಡಿದು ಹೊರಟಿದ್ದರಿಂದ ನನಗೆ ಅದೇ ಎಲ್ಲಕ್ಕಿಂತ ಹಿಡಿಸಿತ್ತು. 2025ರ ಮಾರ್ಚಿಗೆ ಮಿಷನ್ ಮುಗಿಯಿತು. ಕ್ಯಾಮೆರಾ, ದೀಪ, ಪಾರ್ಕು ನೋಡಿಕೊಳ್ಳೋಕೆ ಪ್ರತಿವರ್ಷ ದುಡ್ಡು ಬೇಕಲ್ಲ, ಅದು ಎಲ್ಲಿಂದ ಬರಬೇಕು?

ಈ ವಿಷಯದಲ್ಲಿ, ಕೇಂದ್ರದ ತೆರಿಗೆ ಹಣ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಹಾಕಿದ ಒಂದು ಷರತ್ತು ನನಗೆ ಸರಿ ಕಾಣುತ್ತೆ. ನಗರಗಳಿಗೆ ಅನುದಾನ ಬೇಕಿದ್ದರೆ ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡಬೇಕು, ವಸೂಲಿಯೂ ವರ್ಷವರ್ಷ ಏರಬೇಕು. (ಇದನ್ನು ನಮ್ಮ ಓಣಿಯಲ್ಲಿ ಜೋರಾಗಿ ಹೇಳಿದರೆ ಬೈಸಿಕೊಳ್ಳುವುದು ಗ್ಯಾರಂಟಿ.)

ಅಧಿಕಾರಕ್ಕೂ ಇಂಥದ್ದೇ ಷರತ್ತು ಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಮಾಡಿದೆ. ನಗರ ಯೋಜನೆ, ಕುಡಿಯುವ ನೀರು ಎಲ್ಲಾ ಅದರಲ್ಲಿದೆ. ಕೊಡೋದು ಬಿಡೋದು ಮಾತ್ರ ರಾಜ್ಯಕ್ಕೆ ಬಿಟ್ಟಿದ್ದು. ಇಲ್ಲಿ ನೋಡಿದರೆ ಬಡಾವಣೆಗೆ ಒಪ್ಪಿಗೆ ಕೊಡೋದು ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಆಮೇಲೆ ಅಲ್ಲಿನ ಚರಂಡಿ, ಬೀದಿದೀಪ, ಕಸ ಪಾಲಿಕೆಯ ತಲೆಗೆ. ಯೋಜನೆಯ ಅಧಿಕಾರವನ್ನೂ ಪಾಲಿಕೆಗೆ ಕೊಟ್ಟ ರಾಜ್ಯಕ್ಕೆ ಜಾಸ್ತಿ ಅನುದಾನ ಅಂತ ಕೇಂದ್ರ ಹೇಳಲಿ. ನಗರಾಡಳಿತ ರಾಜ್ಯದ ವಿಷಯ, ನೀವ್ಯಾಕೆ ತಲೆ ಹಾಕುತ್ತೀರಿ ಅಂತ ಕೂಗು ಏಳುತ್ತೆ. ಆಸ್ತಿ ತೆರಿಗೆಯೂ ರಾಜ್ಯದ ವಿಷಯವೇ ಆಗಿತ್ತು, ಷರತ್ತಿನ ಹಿಂದೆ ದುಡ್ಡಿದ್ದಾಗ ಅದಕ್ಕೂ ದಾರಿ ಸಿಕ್ಕಿತು.