2018ರ ಲ್ಯಾಪ್‌ಟಾಪ್ ತೀರಾ ನಿಧಾನ: ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ?

ನೀವು ಕೇಳಿದ್ದು ಇಷ್ಟು ಅಲ್ವಾ: 2018ರಲ್ಲಿ ತಗೊಂಡ ಲ್ಯಾಪ್‌ಟಾಪ್, ಇಂಟೆಲ್ ಐ3 ಏಳನೇ ಜನರೇಷನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಿರುತ್ತದೆ. ಮಂಡ್ಯದಲ್ಲಿ ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಟ್ಯಾಲಿ ಲೆಕ್ಕ, ಜಿಎಸ್‌ಟಿ ರಿಟರ್ನ್ಸ್ ಮಾಡುತ್ತೀರಿ. ಮಗಳು ಸೆಕೆಂಡ್ ಪಿಯುಸಿ, ಮುಂದೆ ಇಂಜಿನಿಯರಿಂಗ್ ಸೇರಬೇಕು ಅಂತಿದ್ದಾಳೆ. ಅಂಗಡಿಯವರು "ಇದು ಮುಗೀತು ಸರ್, 45 ಸಾವಿರದ್ದು ಹೊಸದು ತಗೊಂಡುಬಿಡಿ, ಇಬ್ಬರಿಗೂ ಆಗುತ್ತೆ" ಅಂದಿದ್ದಾರೆ. ಜೊತೆಗೆ ಕರೆಂಟ್ ಕಾಟಕ್ಕೆ ಯುಪಿಎಸ್ ಬೇಕಾ ಅಂತಲೂ ಕೇಳಿದ್ದೀರಿ.

ಹೊಸದು ಈಗ ಬೇಡ ಸರ್. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲೇ ಡೇಟಾ ಇಡುವ ಡಿಸ್ಕ್, ಹಾಕಿಸಿ. ಆಮೇಲೆ ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ, ಹೆಚ್ಚಿಸಿ. ಹೊಸ ಲ್ಯಾಪ್‌ಟಾಪ್ ಮಾತು ಮಗಳಿಗೆ ಸೀಟು ಸಿಕ್ಕಿ ಬ್ರಾಂಚ್ ಯಾವುದು ಅಂತ ಗೊತ್ತಾದ ಮೇಲೆ.

ನನ್ನ ಮಾತು ಸುಮ್ನೆ ನಂಬಬೇಡಿ, ನೀವೇ ನೋಡಿ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು (ಪ್ರೊಸೆಸರ್), ಮೆಮೊರಿ, ಡಿಸ್ಕ್ ಅಂತ ಸಾಲುಗಳಿರುತ್ತವೆ. ಡಿಸ್ಕ್ ಎದುರು 100 ಪರ್ಸೆಂಟ್ ತೋರಿಸುತ್ತಾ ಸಿಪಿಯು 20-30ರಲ್ಲಿ ಆರಾಮಾಗಿ ಕೂತಿದ್ದರೆ, ಪ್ರೊಸೆಸರ್‌ಗೆ ಏನೂ ಆಗಿಲ್ಲ ಅಂತ ಅರ್ಥ. ಅದು ಡಿಸ್ಕ್‌ನಿಂದ ಫೈಲ್ ಬರಲಿ ಅಂತ ಕಾಯುತ್ತಿದೆ ಅಷ್ಟೇ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಒಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತದೆ, ಮೇಲೆ ಒಂದು ಸೂಜಿಯಂಥ ಹೆಡ್ ಅತ್ತಿತ್ತ ಓಡಾಡಿ ಓದುತ್ತದೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್ ಬೇಕು, ಅವೆಲ್ಲ ಒಂದೇ ಕಡೆ ಇರುವುದಿಲ್ಲ, ಹೆಡ್ ಪ್ರತಿಯೊಂದಕ್ಕೂ ಓಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಹಾರ್ಡ್ ಡಿಸ್ಕ್‌ನ ಕನೆಕ್ಟರ್‌ಗೇ ಕೂರುವ ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಸಣ್ಣ ಫೈಲ್‌ಗಳ ವಿಷಯದಲ್ಲಂತೂ ವ್ಯತ್ಯಾಸ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಮೈಸೂರಿನಲ್ಲಿ ನೆಂಟರಿಷ್ಟರ ಲ್ಯಾಪ್‌ಟಾಪ್ ಕೆಟ್ಟರೆ ನನ್ನ ಹತ್ತಿರವೇ ತರುತ್ತಾರೆ. "ಹಳೇದಾಯ್ತು, ಎಸೆಯೋಣ" ಅಂತ ಬಂದವರಲ್ಲಿ ಬಹಳ ಜನಕ್ಕೆ ಇದೊಂದರಲ್ಲೇ ಕೆಲಸ ಮುಗಿದಿದೆ.

ಯಾವುದು ತಗೊಳ್ಳುವುದು? ನಿಮ್ಮದರಲ್ಲಿ ಎಂ.2 ಸ್ಲಾಟ್ (ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದೆಯೋ ಇಲ್ಲವೋ ಮಾಡೆಲ್ ಮೇಲೆ ಹೋಗುತ್ತದೆ. ಇದ್ದರೂ ಅದು ಸಾಟಾ ಮಾತ್ರವೋ, ಇನ್ನೂ ವೇಗದ ಎನ್‌ವಿಎಂಇ ಕೂಡ ನಡೆಯುತ್ತದೋ ಅನ್ನುವುದು ಬೇರೆ ತಲೆನೋವು. ಹಾಗಾಗಿ ಅಳೆದು ಸುರಿಯುವುದು ಬೇಡ, ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ ಕೂರುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಟ್ಯಾಲಿಗೆ 256 ಜಿಬಿ ಧಾರಾಳ. ಸ್ಯಾಮ್‌ಸಂಗ್, ಡಬ್ಲ್ಯೂಡಿ, ಕಿಂಗ್‌ಸ್ಟನ್ ಥರದ್ದು, ಕನಿಷ್ಠ 3 ವರ್ಷ ವಾರಂಟಿ ಇರುವುದು, ಜಿಎಸ್‌ಟಿ ಬಿಲ್ ಸಮೇತ. ಹೆಸರೇ ಕೇಳದ ಬ್ರಾಂಡಿನದು ಮುನ್ನೂರು ರೂಪಾಯಿ ಕಡಿಮೆ ಅಂತ ತಗೊಳ್ಳಬೇಡಿ, ಅದರೊಳಗೆ ಇರುವುದು ನಾಲ್ಕು ಅಂಗಡಿಯವರ ಲೆಕ್ಕ. ಹಾಕಿಸಿದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ, ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹೊಸ ಡಿಸ್ಕ್ ನೂರಾರು ಗಂಟೆ ತೋರಿಸಿದರೆ ಅದು ಹೊಸದಲ್ಲ, ವಾಪಸ್ ಕೊಡಿ.

ತೆಗೆದ ಹಾರ್ಡ್ ಡಿಸ್ಕ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸಿಂಗ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದರಲ್ಲಿ ಹಾಕಿದರೆ ಬ್ಯಾಕಪ್ ಇಡಲು ಎಕ್ಸ್‌ಟರ್ನಲ್ ಡಿಸ್ಕ್ ಆಯಿತು.

ಟ್ಯಾಲಿಯವರು ಒಂದು ವಿಷಯ ಮರೆಯುವ ಹಾಗಿಲ್ಲ. ಡಿಸ್ಕ್ ಬದಲಾಯಿಸುವ ಮುಂಚೆ ಡೇಟಾ ಬ್ಯಾಕಪ್ ತಗೊಂಡು, ಟ್ಯಾಲಿ ಒಳಗಿಂದ ಲೈಸೆನ್ಸ್ ಸರೆಂಡರ್ ಮಾಡಿ, ಅಂದರೆ ಈ ಮೆಷಿನ್‌ನಿಂದ ಬಿಡಿಸಿಕೊಳ್ಳಿ. ಹೊಸ ಡಿಸ್ಕ್‌ನಲ್ಲಿ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳಬಹುದು. ಸರೆಂಡರ್ ಮಾಡದೆ ಫಾರ್ಮ್ಯಾಟ್ ಹೊಡೆಸಿ, ರಿಟರ್ನ್ಸ್ ಕೊನೇ ದಿನ ಲೈಸೆನ್ಸ್‌ಗಾಗಿ ಪರದಾಡುವುದು ಬೇಡ. ವಿಂಡೋಸ್ ಬಗ್ಗೆ ಆ ಭಯ ಇಲ್ಲ. ಲ್ಯಾಪ್‌ಟಾಪ್ ಜೊತೆಗೇ ಬಂದ ಒರಿಜಿನಲ್ ಆದರೆ ಅದರ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾದರೂ ತಾನೇ ಆಕ್ಟಿವೇಟ್ ಆಗುತ್ತದೆ. "ವಿಂಡೋಸ್‌ಗೆ ಬೇರೆ ದುಡ್ಡು" ಅಂತ ಯಾರಾದರೂ ಕೇಳಿದರೆ, ಲ್ಯಾಪ್‌ಟಾಪ್ ಜೊತೆಗೇ ಒರಿಜಿನಲ್ ಬಂದಿತ್ತು ಅಂತ ಹೇಳಿ. ಹಾಗೇ ಕ್ರ್ಯಾಕ್ ಮಾಡಿದ ಆಫೀಸ್ ಪುಕ್ಕಟೆ ಹಾಕಿಕೊಡುತ್ತೇವೆ ಅಂದರೆ ದಯವಿಟ್ಟು ಬೇಡ ಅನ್ನಿ. ಬೇರೆಯವರ ಜಿಎಸ್‌ಟಿ ಪಾಸ್‌ವರ್ಡ್, ಬ್ಯಾಂಕ್ ಲಾಗಿನ್ ಇರುವ ಮೆಷಿನ್ ಅದು. ಪತ್ರ ಬರೆಯಲು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಸಾಕು.

ಈಗ ರ‍್ಯಾಮ್. 4 ಜಿಬಿಯಲ್ಲಿ ಟ್ಯಾಲಿ ಒಂದೇ ಆದರೆ ನಡೆದೀತು. ಜೊತೆಗೆ ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ವಾಟ್ಸ್ಆಪ್ ವೆಬ್ ತೆರೆದರೆ ಉಸಿರು ಕಟ್ಟುತ್ತದೆ. 8 ಜಿಬಿ ಆಗಲಿ. ನೋವಿನ ಸಂಗತಿ ಅಂದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿವೆ, ಎಸ್‌ಎಸ್‌ಡಿಗೂ ಆ ಬಿಸಿ ತಟ್ಟಿದೆ. ಎರಡು ವರ್ಷ ಹಿಂದಿನ ವಿಡಿಯೋದಲ್ಲಿ ಹೇಳಿದ ರೇಟು ಹಿಡಿದು ಅಂಗಡಿಯವರ ಜೊತೆ ಜಗಳ ಆಡಬೇಡಿ, ಈ ಸಲ ತಪ್ಪು ಅವರದಲ್ಲ. ಇಂಥ ಹೊತ್ತಲ್ಲಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಗೊಂಡರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರ‍್ಯಾಮ್ ಬಳಸಿದಷ್ಟೂ ಸವೆಯುವ ವಸ್ತು ಅಲ್ಲ, ಅಂಗಡಿಯಲ್ಲೇ ಹಾಕಿಸಿ ಟೆಸ್ಟ್ ಮಾಡಿಸಿದರೆ ಆಯಿತು. ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ, ಅದನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ. ರ‍್ಯಾಮ್ ಕೊಳ್ಳುವ ಮುಂಚೆ ಒಳಗಿರುವುದು ಡಿಡಿಆರ್4, ಡಿಡಿಆರ್3ಎಲ್ ಎರಡು ಬಗೆಯಲ್ಲಿ ಯಾವುದು ಅಂತ ಸಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳಿ, ಒಂದು ಇನ್ನೊಂದರ ಸ್ಲಾಟ್‌ಗೆ ಕೂರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಖಾಲಿ ಸ್ಲಾಟ್ ಇದೆಯಾ ಅಂತಲೂ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಅಂಗಡಿಯವರು "ಮುಗೀತು" ಅಂದದ್ದರಲ್ಲಿ ಅಷ್ಟು ಮಾತ್ರ ನಿಜ. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್ ಎಂಟನೇ ಜನರೇಷನ್ ಅಥವಾ ಆಮೇಲಿನದು ಇರಬೇಕು. ನಿಮ್ಮದು ಏಳು, ಒಂದೇ ಹೆಜ್ಜೆಯಲ್ಲಿ ತಪ್ಪಿದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ 2026ರ ಅಕ್ಟೋಬರ್ 13ರವರೆಗೆ ಕೊಟ್ಟಿದ್ದಾರೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ಆಗಬೇಕು, ಮೈಕ್ರೋಸಾಫ್ಟ್ ಅಕೌಂಟ್‌ಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ಅಡ್ಡದಾರಿಯಲ್ಲಿ 11 ಹಾಕುವ ವಿಧಾನಗಳೂ ಇವೆ. ಆಟ ಆಡುವ ಮೆಷಿನ್ ಆಗಿದ್ದರೆ ಹಾಕಿ ಅನ್ನುತ್ತಿದ್ದೆ, ಹೊಟ್ಟೆಪಾಡಿನ ಮೆಷಿನ್‌ಗೆ ಬೇಡ.

ಹಾಗಾದರೆ ಹೋಗುವ ಮೆಷಿನ್‌ಗೆ ದುಡ್ಡು ಯಾಕೆ ಅಂತ ಕೇಳಬಹುದು. ಯಾಕೆಂದರೆ ಆ ದುಡ್ಡು ಹೋಗುವುದಿಲ್ಲ. ಮುಂದೆ ನಿಮಗೆ ಬೇಕಾಗುವುದು ಎಂಟನೇ ಜನರೇಷನ್ ಮೇಲ್ಪಟ್ಟ ಒಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಅಷ್ಟೇ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ ಹೊಸದರ ಅರ್ಧ ಬೆಲೆಗಿಂತ ಕಡಿಮೆಗೂ ಸಿಗುತ್ತವೆ, ಕೀಬೋರ್ಡು, ಬಾಡಿ ಗಟ್ಟಿ, ಟ್ಯಾಲಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಶಕ್ತಿ. ಎಂಟನೇ ಜನರೇಷನ್‌ನವು ಬಹುಪಾಲು ಡಿಡಿಆರ್4. ಈಗ ತಗೊಳ್ಳುವ ರ‍್ಯಾಮ್ ಡಿಡಿಆರ್4 ಆಗಿದ್ದರೆ, ಆಗ ಅದನ್ನೇ ತೆಗೆದು ಅಲ್ಲಿ ಹಾಕಬಹುದು. ಎಸ್‌ಎಸ್‌ಡಿಯೂ ಅಷ್ಟೇ, ಕೂರುವ ಜಾಗ ಇಲ್ಲದಿದ್ದರೆ ಬ್ಯಾಕಪ್‌ಗೆ ಆಯಿತು. ರಿಫರ್ಬಿಶ್ಡ್ ನೋಡುವಾಗ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ಸ್) ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲ ಅಂತ ಅಲ್ಲೇ ತೆರೆಸಿ ನೋಡಿ, ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ಬರುತ್ತದೆ, ಅದನ್ನೂ ತೆಗೆಸಿ, ಪ್ರತಿ ಕೀ ಒತ್ತಿ ನೋಡಿ.

ಮಗಳದ್ದು ಬೇರೆಯೇ ಲೆಕ್ಕ. ಸಿವಿಲ್ಲೋ ಮೆಕ್ಯಾನಿಕಲ್ಲೋ ಸಿಕ್ಕಿದರೆ ಡ್ರಾಯಿಂಗ್ ಮಾಡುವ ಕ್ಯಾಡ್ ಸಾಫ್ಟ್‌ವೇರ್‌ಗೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಳ್ಳೆಯದು, ಕಂಪ್ಯೂಟರ್ ಸೈನ್ಸ್ ಆದರೆ 16 ಜಿಬಿ ರ‍್ಯಾಮ್ ಮುಖ್ಯ. ಹಾಸ್ಟೆಲ್‌ಗೆ ಹೋದರೆ ಲ್ಯಾಪ್‌ಟಾಪ್ ಅವಳ ಜೊತೆ ಹೋಗುತ್ತದೆ, ನಿಮ್ಮ ಟ್ಯಾಲಿ ಎಲ್ಲಿ ಕೂರಬೇಕು? "ಇಬ್ಬರಿಗೂ ಒಂದೇ" ಅನ್ನುವ ಮಾತು ಅಂಗಡಿಯಲ್ಲಿ ಕೇಳಲು ಚೆನ್ನ. ಅಲ್ಲಿಯವರೆಗೆ ಸಿ, ಪೈಥಾನ್ ಕಲಿಯಲು ಎಸ್‌ಎಸ್‌ಡಿ ಹಾಕಿದ ಇದೇ ಲ್ಯಾಪ್‌ಟಾಪ್ ಸಾಕು.

ಯುಪಿಎಸ್ ಲ್ಯಾಪ್‌ಟಾಪ್‌ಗೆ ಬೇಡ, ಒಳಗಿನ ಬ್ಯಾಟರಿಯೇ ಆ ಕೆಲಸ ಮಾಡಬೇಕು. ಕರೆಂಟ್ ಹೋದ ತಕ್ಷಣ ಆಫ್ ಆಗುತ್ತಿದ್ದರೆ ಬ್ಯಾಟರಿ ಬದಲಾಯಿಸಿ. ಎಂಟ್ರಿ ಹಾಕುತ್ತಿರುವಾಗ ದಿಢೀರ್ ಆಫ್ ಆದರೆ ಟ್ಯಾಲಿ ಡೇಟಾ ಕೆಡುವ ಅಪಾಯ ಇದೆ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿದೆ, ಅವತ್ತೇ ಬಳಸುವುದು ನಿಲ್ಲಿಸಿ ತೆಗೆಸಿ. ದುಡ್ಡು ಹಾಕಲೇಬೇಕೆಂದರೆ ವೈಫೈ ರೂಟರ್‌ಗೆ ಒಂದು ಮಿನಿ ಯುಪಿಎಸ್ ತಗೊಳ್ಳಿ. ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ ಅದೇ ವೋಲ್ಟಿನದು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರುವುದು. ರಿಟರ್ನ್ಸ್ ಕಳಿಸುವಾಗ ಲೈನ್ ಹೋದರೂ ನೆಟ್ ಇರುತ್ತದೆ.

ಲ್ಯಾಪ್‌ಟಾಪ್ ತಳದ ಸ್ಟಿಕ್ಕರ್ ಮೇಲಿರುವ ಮಾಡೆಲ್ ನಂಬರ್ ಬರೆಯಿರಿ, ಸೀರಿಯಲ್ ನಂಬರ್ ಬೇಡ. ಸ್ಲಾಟ್ ಯಾವುದು, ರ‍್ಯಾಮ್ ಯಾವುದು ಅಂತ ನೋಡಿ ಹೇಳುತ್ತೇನೆ.