ಕಾಸರಗೋಡಿನಂಥ ಊರಲ್ಲಿ ಬಾಲ್‌ರೂಮ್, ಲ್ಯಾಟಿನ್ ಸ್ಪರ್ಧೆಗೆ ಹೊರಟ ಹವ್ಯಾಸಿಗಳಿಗೆ ನಾವೇನು ಮಾಡಬಹುದು?

ನಿಮ್ಮ ಸಂಘದ ಇಬ್ಬರು ವಾಲ್ಟ್ಸ್, ಚಾ-ಚಾ ಎಂಬ ಜೋಡಿ ಕುಣಿತಗಳನ್ನು ಕಲಿತು ಸ್ಪರ್ಧೆಗೆ ಹೊರಟಿದ್ದಾರೆ, ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಕೊಟ್ಟು ಶಾಲು ಹೊದೆಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಮಾರಾಯ್ರೇ. ಶಾಲು ನನ್ನ ಕಪಾಟಿನಲ್ಲೇ ಮೂರು ಉಂಟು.

ನಾನು ಕುಂಬಳೆ ಕಡೆಯವ. ನಾನೂ ಹೆಂಡತಿಯೂ ವಾರಕ್ಕೊಮ್ಮೆ ರೈಲು ಹತ್ತಿ ಮಂಗಳೂರಿಗೆ ಹೋಗಿ ಕಲಿಯುವವರು. ಇಷ್ಟು ವರ್ಷದಲ್ಲಿ ನಮಗೆ ಸಿಗದೇ ಹೋದದ್ದು ವೇದಿಕೆಯಲ್ಲ, ನೆಲ.

ಒಮ್ಮೆ ಊರಿನ ಒಂದು ಕಾರ್ಯಕ್ರಮಕ್ಕೆ ಪ್ರೀತಿಯಿಂದ ಕರೆದರು. ವಾಲ್ಟ್ಸ್ ಎಂದರೆ ಸಭಾಂಗಣದ ಸುತ್ತ, ಗಡಿಯಾರದ ಮುಳ್ಳಿಗೆ ಎದುರಾಗಿ ಸಾಗುತ್ತಲೇ ಇರುವ ಕುಣಿತ. ಅಲ್ಲಿ ನಾಲ್ಕನೇ ಹೆಜ್ಜೆಗೆ ಮೈಕಿನ ವಯರು, ಐದನೆಯದಕ್ಕೆ ದೀಪದ ಕಂಬ. ಕೆಳಗೆ ಹಾಸಿದ ಹಸಿರು ಮ್ಯಾಟಿನ ಮಡಿಕೆಗೆ ಹೆಂಡತಿಯ ಹಿಮ್ಮಡಿ ಸಿಕ್ಕಿಕೊಂಡಿತು, ಬೀಳಲಿಲ್ಲ ಅಷ್ಟೆ. ನಿರೂಪಕರು ಅದನ್ನು 'ಫ್ಯೂಷನ್ ಡ್ಯಾನ್ಸ್' ಎಂದದ್ದು ಬೇರೆ.

ಹಾಗಾಗಿ ಹಾಲ್ ಕೊಡಿ, ಕುರ್ಚಿಗಳನ್ನು ಗೋಡೆಗೆ ಸರಿಸಿ ಕೊಡಿ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚಿರುತ್ತವೆ. ಬೀಗ ಹಾಕಿದ ಹಾಲುಗಳಿಗೆ ನಮ್ಮಲ್ಲಿ ಬರವೇ? ವಾರಕ್ಕೆ ಎರಡು ಸಂಜೆ ಸಾಕು. ಹಳೇ ಕೆಂಪು ಸಿಮೆಂಟಿನ ನೆಲವಾದರೆ ಬಹಳ ಒಳ್ಳೆಯದು. ಹೊಳೆಯುವ ಟೈಲ್ಸ್ ಆದರೆ ಜಾರುತ್ತದೆ, ಮೂಲೆಯಲ್ಲೊಂದು ಒದ್ದೆ ಬಟ್ಟೆ ಇಡಿ, ಶೂವಿನ ಅಟ್ಟೆ ಒತ್ತಿಕೊಂಡು ಹೋಗುತ್ತಾರೆ. ಉಪಕಾರವೆಂದು ಪೌಡರ್ ಮಾತ್ರ ಚೆಲ್ಲಬೇಡಿ. ಈ ಕುಣಿತದ ಶೂಗಳ ಅಟ್ಟೆ ಸ್ವೀಡ್ ಎಂಬ ತರಿತರಿಯಾದ ಮೆದು ಚರ್ಮದ್ದು. ಪೌಡರ್ ಅದರಲ್ಲಿ ತುಂಬಿಕೊಂಡರೆ ಹಿಡಿತವೇ ಹೋಗುತ್ತದೆ, ಮತ್ತೆ ತಂತಿ ಬ್ರಷ್ಷಿನಿಂದ ಕೆರೆಯಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಂತೂ ಇದ್ದದ್ದೇ. ನಾವು ಅಡಿಕೆ ಒಣಗಿಸುವ ಗೂಡಿನ ಪಕ್ಕ ಶೂ ಇಟ್ಟು, ಹೊಗೆಯ ವಾಸನೆಯೊಂದಿಗೇ ರೈಲು ಹತ್ತಿದ್ದೇವೆ.

ಎರಡನೆಯದು, ನೋಡುವ ಕಣ್ಣು. ನಮಗೆ ಕೇರಳದ ಶಾಲಾ ಕಲೋತ್ಸವದ ಅಭ್ಯಾಸ: ಒಬ್ಬೊಬ್ಬರೇ ಬಂದು ಕುಣಿಯಬೇಕು, ಎ ಗ್ರೇಡ್ ಸಿಗದಿದ್ದರೆ ಅಪೀಲು. ಇಲ್ಲಿ ಹಲವು ಜೋಡಿಗಳು ಒಂದೇ ನೆಲದಲ್ಲಿ, ಒಂದೇ ಹಾಡಿಗೆ ಕುಣಿಯುತ್ತವೆ. ಒಂದೊಂದು ನೃತ್ಯಕ್ಕೆ ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು. ಮೊದಲ ಸುತ್ತುಗಳಲ್ಲಿ ತೀರ್ಪುಗಾರರು ಅಂಕ ಕೊಡುವುದಿಲ್ಲ, ಯಾರನ್ನು ಮತ್ತೆ ನೋಡಬೇಕೋ ಅವರ ನಂಬರಿಗೆ ಗುರುತು ಹಾಕುತ್ತಾರೆ. 'ಸ್ಕೇಟಿಂಗ್' ಎಂಬ ಲೆಕ್ಕದ ಪದ್ಧತಿಯ ಫೈನಲ್‌ನಲ್ಲಿ ಸ್ಥಾನ ಕೊಡುತ್ತಾರೆ, ಬಹುಮತ ನಡೆಯುತ್ತದೆ. 7 ತೀರ್ಪುಗಾರರಲ್ಲಿ 4 ಮಂದಿ ಒಂದನೇ ಸ್ಥಾನ ಕೊಟ್ಟರೆ ಆ ನೃತ್ಯ ನಿಮ್ಮದು, ಉಳಿದ ಮೂವರು ಕೊನೆಗೆ ತಳ್ಳಿದ್ದರೂ. ಇಷ್ಟು ಗೊತ್ತಿರುವ ನಾಲ್ಕು ಜನ ಅಭ್ಯಾಸದ ದಿನ ಸುತ್ತ ಕೂತು, "ತಾಳ ತಪ್ಪಿತು", "ಹೆಗಲು ಎದ್ದಿತು" ಅಂತ ಮುಖಕ್ಕೇ ಹೇಳಿದರೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ.

ತಾಳ ಹಾಕಲು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ನಿಮಿಷಕ್ಕೆ ಮೂವತ್ತು ಸಲ 'ತಕಿಟ' ಅಂದರೆ ವಾಲ್ಟ್ಸ್, ಅರುವತ್ತು ಸಲ ಅಂದರೆ ವಿಯೆನೀಸ್ ವಾಲ್ಟ್ಸ್. ಆದರೆ ಯಕ್ಷಗಾನದ ಹೆಜ್ಜೆಗಾರಿಕೆ ಕಲಿತವರಿಗೆ ಕಷ್ಟ ಒಂದುಂಟು. ನಾನು ಚಿಕ್ಕಂದಿನಲ್ಲಿ ನೆಲಕ್ಕೆ ಕಾಲು ಬಡಿದು ಕಲಿತವ. ವಾಲ್ಟ್ಸಿನಲ್ಲಿ ಒಂದನೇ ಎಣಿಕೆಗೆ ಮಂಡಿ ಸಡಿಲಿಸಿ ಇಳಿಯಬೇಕು, ಎರಡು ಮೂರಕ್ಕೆ ಮೆಲ್ಲ ಏಳಬೇಕು, ಸದ್ದೇ ಬರಬಾರದು. "ಮಹಿಷಾಸುರನ ಪ್ರವೇಶ ಆಯ್ತಾ?" ಅಂತ ಹೆಂಡತಿ ಈಗಲೂ ಕೇಳುತ್ತಾಳೆ.

ಹುಡುಗ ಹುಡುಗಿ ಕೈ ಹಿಡಿದರೆ ಊರಲ್ಲಿ ಮಾತು ಬರುತ್ತದೆ, ಬರಲಿ. ಬಾಗಿಲು ತೆರೆದಿಟ್ಟು, ಅಜ್ಜಿಯಂದಿರನ್ನು ಕರೆದು ಕೂರಿಸಿ. ನಮ್ಮ ಪಕ್ಕದ ಮನೆಯ ಅಜ್ಜಿ ರುಂಬಾ ಎಂಬ ಲ್ಯಾಟಿನ್ ಕುಣಿತ ನೋಡಿ ಹೇಳಿದ್ದು ಇಷ್ಟೇ: "ಇಷ್ಟು ನಿಧಾನಕ್ಕಾ ಬೆವರುವುದು?"

ಹಣ ಒಟ್ಟು ಮಾಡಿದರೆ ನಗದು ಬಹುಮಾನ ಇಡಬೇಡಿ. ಪ್ರವೇಶ ಶುಲ್ಕ, ರೈಲಿನ ಖರ್ಚು, ಒಂದು ಜೊತೆ ಶೂ ವಹಿಸಿಕೊಳ್ಳಿ. ಡ್ರೆಸ್ ಆಮೇಲೆ ನೋಡಿದರಾಯಿತು. ನಿಮ್ಮ ಹಾಲಿನ ನೆಲ ಟೈಲ್ಸಾ, ಕೆಂಪು ಸಿಮೆಂಟಾ, ಉದ್ದ ಎಷ್ಟು ಹೆಜ್ಜೆ, ಅದನ್ನೊಮ್ಮೆ ತಿಳಿಸಿ.